‘ಆಫ್ ಮೈಸ್ ಅಂಡ್ ಮೆನ್’ ಓದುವ ಬಗೆ: ಒಂಟಿತನ, ಗೆಳೆತನ, ಕನಸುಗಳ ಜಾಡಿನಲ್ಲಿ

ಜಾನ್ ಸ್ಟೈನ್‌ಬೆಕ್ ಅವರ ‘ಆಫ್ ಮೈಸ್ ಅಂಡ್ ಮೆನ್’ 1937ರಲ್ಲಿ ಪ್ರಕಟವಾದ, ಆರೇ ಅಧ್ಯಾಯಗಳ ಕಿರುಕಾದಂಬರಿ. ಆರ್ಥಿಕ ಮಹಾಕುಸಿತದ ಕಾಲದ ಕ್ಯಾಲಿಫೋರ್ನಿಯಾದಲ್ಲಿ ಕೂಲಿ ಹುಡುಕಿ ಅಲೆಯುತ್ತ, ತಮ್ಮದೇ ಒಂದು ತುಂಡು ಜಮೀನಿನ ಕನಸು ಕಾಣುವ ಗೆಳೆಯರು ಜಾರ್ಜ್ ಮತ್ತು ಲೆನಿ ಇದರ ಕೇಂದ್ರದಲ್ಲಿದ್ದಾರೆ. ಇದನ್ನು ಅಭ್ಯಾಸ ಮಾಡುವವರು ಒಂಟಿತನ, ಗೆಳೆತನ, ಕನಸು ಎಂದು ಮೂರು ತಲೆಬರಹ ಹಾಕಿಕೊಂಡು ಉದಾಹರಣೆಗಳನ್ನು ಹಂಚಿಬಿಡುವುದು ರೂಢಿ. ಹಾಗೆ ಬೇರ್ಪಡಿಸಿದರೆ ಕೃತಿಯ ಜೀವವೇ ಕೈತಪ್ಪುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ. ಇಲ್ಲಿನ ಒಂಟಿತನ ದುಡಿಮೆಯ ಏರ್ಪಾಡಿನಿಂದಲೇ ಹುಟ್ಟುತ್ತದೆ, ಗೆಳೆತನ ಆ ಏರ್ಪಾಡಿಗೆ ಒಗ್ಗದೆ ಉಳಿಯುತ್ತದೆ, ಕನಸು ಆ ಗೆಳೆತನವನ್ನು ಬದುಕಿಸಿಡುವ ಮಾತಾಗಿರುತ್ತದೆ.

ಮೊದಲ ಓದನ್ನು ಟಿಪ್ಪಣಿಯಿಲ್ಲದೆ, ಆದಷ್ಟೂ ಒಂದೇ ಬೈಠಕ್ಕಿನಲ್ಲಿ ಮುಗಿಸಿ. ಕಥೆ ಒಂದು ಗುರುವಾರ ಸಂಜೆ ಆರಂಭವಾಗಿ ಭಾನುವಾರಕ್ಕೆ ಮುಗಿಯುತ್ತದೆ. ಆ ಬಿರುಸು ತುಂಡುತುಂಡಾದ ಓದಿಗೆ ದಕ್ಕುವುದಿಲ್ಲ.

ಎರಡನೆಯ ಓದಿನಲ್ಲಿ ಸ್ಥಳಗಳನ್ನು ಗಮನಿಸಿ. ನಾಟಕದಂತೆ ರಂಗದ ಮೇಲೆ ಆಡಬಹುದಾದ ರೀತಿಯಲ್ಲೇ ಸ್ಟೈನ್‌ಬೆಕ್ ಇದನ್ನು ಬರೆದದ್ದರಿಂದ ಪ್ರತಿ ಅಧ್ಯಾಯವೂ ಬಹುಮಟ್ಟಿಗೆ ಒಂದೇ ಜಾಗದಲ್ಲಿ ನಡೆಯುತ್ತದೆ: ಸಲೀನಸ್ ನದಿಯ ದಂಡೆ, ಕೂಲಿಯವರ ಕೋಣೆ, ಲಾಯದ ಪಕ್ಕದ ಕೊಠಡಿ, ಹುಲ್ಲಿನ ಕೊಟ್ಟಿಗೆ, ಮತ್ತೆ ನದಿಯ ದಂಡೆ. ಯಾವ ಜಾಗಕ್ಕೆ ಯಾರು ಬರಬಹುದು, ಯಾರು ಬರಬಾರದು ಎಂದು ಗುರುತು ಮಾಡಿಕೊಳ್ಳಿ. ಲಾಯ ನೋಡಿಕೊಳ್ಳುವ, ಕಪ್ಪು ವರ್ಣದ ಕ್ರುಕ್ಸ್‌ಗೆ ಕೂಲಿಯವರ ಕೋಣೆಯಲ್ಲಿ ಕುಳಿತು ಇಸ್ಪೀಟು ಆಡುವ ಅವಕಾಶವಿಲ್ಲ. ಅವನಿಗಿರುವುದು ಕುದುರೆಯ ಸಾಮಾನುಗಳ ನಡುವಿನ ಹಾಸಿಗೆ ಮತ್ತು ಕೆಲವು ಪುಸ್ತಕಗಳು. ಯಜಮಾನನ ಮಗ ಕರ್ಲಿಯ ಹೆಂಡತಿಗೆ ಇಡೀ ಕಾದಂಬರಿಯಲ್ಲಿ ಹೆಸರೇ ಇಲ್ಲ. ಮಾತನಾಡಲು ಯಾರಾದರೂ ಸಿಗುವರೇ ಎಂದು ಬಾಗಿಲಿನಿಂದ ಬಾಗಿಲಿಗೆ ಅಲೆಯುವ ಅವಳನ್ನು ಗಂಡಸರೆಲ್ಲ ಅಪಾಯವೆಂದೇ ಕಾಣುತ್ತಾರೆ.

ನಾಲ್ಕನೆಯ ಅಧ್ಯಾಯಕ್ಕೆ ಹೆಚ್ಚು ಸಮಯ ಕೊಡಿ. ನನ್ನ ಮಟ್ಟಿಗೆ ಇದೇ ಕೃತಿಯ ಅತ್ಯಂತ ಆಳವಾದ ಭಾಗ. ಉಳಿದವರು ಪೇಟೆಗೆ ಹೋದ ರಾತ್ರಿ ಲೆನಿ ಕ್ರುಕ್ಸ್‌ನ ಕೊಠಡಿಗೆ ಬರುತ್ತಾನೆ. ಜಾರ್ಜ್ ಹಿಂದಿರುಗದಿದ್ದರೆ ಏನು ಮಾಡುತ್ತೀಯ ಎಂದು ಕ್ರುಕ್ಸ್ ಅವನನ್ನು ಹೆದರಿಸುತ್ತಾನೆ. ಇದನ್ನು ಬರೀ ಕ್ರೌರ್ಯವೆಂದು ಓದಬೇಡಿ. ತಾನು ವರ್ಷಗಟ್ಟಲೆ ಉಂಡದ್ದನ್ನು ಇನ್ನೊಬ್ಬನಿಗೆ ಒಂದು ಗಳಿಗೆಯಾದರೂ ಉಣಿಸುವ ತವಕ ಅದರೊಳಗಿದೆ. ಮುದುಕ ಕ್ಯಾಂಡಿಯೂ ಬಂದು ಜಮೀನಿನ ಮಾತೆತ್ತಿದಾಗ, ಕೂಲಿಯಿಲ್ಲದೆ ಅಲ್ಲಿ ದುಡಿಯಲು ತಾನೂ ಬರುವೆನೆಂದು ಕ್ರುಕ್ಸ್ ಬಾಯಿಬಿಡುತ್ತಾನೆ. ಆದರೆ ಕರ್ಲಿಯ ಹೆಂಡತಿ ಅವನನ್ನು ಗಲ್ಲಿಗೇರಿಸುವ ಬೆದರಿಕೆ ಹಾಕಿದ ಮೇಲೆ ಆ ಮಾತನ್ನು ಹಿಂತೆಗೆದುಕೊಳ್ಳುತ್ತಾನೆ. ಒಂಟಿಯಾದವಳೇ ಒಂಟಿಯಾದವನನ್ನು ತುಳಿಯುವುದು ಹೇಗೆ ಸಾಧ್ಯವಾಯಿತು ಎಂದು ಇಲ್ಲಿ ನಿಂತು ಕೇಳಿಕೊಳ್ಳಿ.

ಕನಸನ್ನು ಅರಿಯಲು ಲೆಕ್ಕ ಹಾಕುವುದು ಒಳ್ಳೆಯ ದಾರಿ. ಜಮೀನಿನ ಬೆಲೆ 600 ಡಾಲರ್, ತಿಂಗಳ ಕೂಲಿ 50 ಡಾಲರ್. ಜಾರ್ಜ್ ಮತ್ತು ಲೆನಿಯ ಬಳಿ ಇಬ್ಬರದೂ ಸೇರಿ ಹತ್ತು ಡಾಲರ್ ಮಾತ್ರ ಇರುವಾಗ ಅದು ಕೇವಲ ಹೇಳಿಕೊಳ್ಳುವ ಕಥೆ. ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡದ್ದಕ್ಕೆ ಪರಿಹಾರವಾಗಿ ಬಂದ 250 ಡಾಲರ್‌ ಸೇರಿದ ತನ್ನ ಉಳಿತಾಯವನ್ನು ಕ್ಯಾಂಡಿ ಮುಂದಿಟ್ಟ ಕ್ಷಣದಲ್ಲಿ ಮಾತ್ರ ಅದು ಕೈಗೆಟುಕುವಂತೆ ತೋರುತ್ತದೆ. ಕನಸಿಗೆ ಬಲ ಬರುವುದು ತುಂಡಾದ ಒಂದು ಕೈಯಿಂದ ಎಂಬುದನ್ನು ಮರೆಯಬೇಡಿ.

ಕನಸಿನ ಮಾತು ಬಂದಲ್ಲೆಲ್ಲ ಅದನ್ನು ಯಾರು, ಯಾರಿಗೆ, ಯಾಕೆ ಹೇಳುತ್ತಾರೆ ಎಂದು ಅಂಚಿನಲ್ಲಿ ಬರೆದುಕೊಳ್ಳಿ. ಮೊದಲ ಅಧ್ಯಾಯದಲ್ಲಿ ಜಾರ್ಜ್ ಅದನ್ನು ಬಾಯಿಪಾಠದಂತೆ ಒಪ್ಪಿಸುತ್ತಾನೆ, ಲೆನಿಗೆ ಅದರ ಪ್ರತಿ ಸಾಲೂ ಗೊತ್ತು. ಐದನೆಯ ಅಧ್ಯಾಯದಲ್ಲಿ, ಲೆನಿಯ ಕೈಯಲ್ಲಿ ಕರ್ಲಿಯ ಹೆಂಡತಿ ಸತ್ತು ಎಲ್ಲ ಮುರಿದುಬಿದ್ದ ಮೇಲೆ, ಇದು ಆಗದ ಮಾತೆಂದು ತನಗೆ ಮೊದಲಿನಿಂದಲೂ ತಿಳಿದಿತ್ತೇನೋ, ಲೆನಿಗೆ ಕೇಳುವುದು ಅಷ್ಟು ಇಷ್ಟವಾಗಿತ್ತೆಂದು ತಾನೂ ನಂಬತೊಡಗಿದೆ ಎಂಬರ್ಥದಲ್ಲಿ ಜಾರ್ಜ್ ನುಡಿಯುತ್ತಾನೆ. ಗೆಳೆತನವೂ ಕನಸೂ ಒಂದೇ ಹೆಣಿಗೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಆಧಾರ ಕೃತಿಯಲ್ಲಿ ಇನ್ನೊಂದಿಲ್ಲ.

ನೀವು ಪ್ರಬಂಧ ಬರೆಯುವವರಾದರೆ ಎರಡು ಸಾವುಗಳನ್ನು ಎದುರುಬದುರು ಇಟ್ಟು ಆರಂಭಿಸಿ. ಕ್ಯಾಂಡಿಯ ಮುದಿನಾಯಿಯನ್ನು ಕಾರ್ಲ್‌ಸನ್ ಎಂಬ ಕೂಲಿಯವನು ಹೊರಗೆ ಕರೆದೊಯ್ದು ಕೊಲ್ಲುತ್ತಾನೆ. ಪರರ ಕೈಗೆ ಬಿಡದೆ ತಾನೇ ಗುಂಡು ಹಾರಿಸಬೇಕಿತ್ತೆಂದು ಕ್ಯಾಂಡಿ ಆಮೇಲೆ ಪರಿತಪಿಸುತ್ತಾನೆ. ಕೊನೆಯ ಅಧ್ಯಾಯದಲ್ಲಿ ಜಾರ್ಜ್ ಲೆನಿಯನ್ನು ಕೊಲ್ಲುವಾಗ ಅದೇ ಪಿಸ್ತೂಲು ಅವನ ಕೈಯಲ್ಲಿದೆ, ಜಮೀನಿನ ಕಥೆ ಅವನ ಬಾಯಲ್ಲಿದೆ. ಜಾರ್ಜ್ ಮಾಡಿದ್ದು ಸರಿಯೇ ತಪ್ಪೇ ಎಂದು ತೀರ್ಪು ಕೊಡುವ ಮೊದಲು, ನಂತರ ಅವನ ಪಕ್ಕದಲ್ಲಿ ಕುಳಿತ ಜೊತೆಯ ಕೆಲಸಗಾರ ಸ್ಲಿಮ್‌ಗೆ ಅರ್ಥವಾದದ್ದು ಕಾರ್ಲ್‌ಸನ್‌ಗೆ ಯಾಕೆ ಅರ್ಥವಾಗಲಿಲ್ಲ ಎಂಬುದಕ್ಕೆ ಹಿಂದಿನ ಅಧ್ಯಾಯಗಳಿಂದ ಆಧಾರ ಹುಡುಕಿ ಬರೆಯಿರಿ.