ಸಂಬಳದ ಜೊತೆ ಸ್ವಂತ ವೃತ್ತಿ: ನೋಂದಣಿ, ತೆರಿಗೆ ನಾನು ಹೊಂದಿಸಿಕೊಂಡ ಬಗೆ

ಕೆಲಸ ಬಿಡದೆ ಸಂಜೆ ಹೊತ್ತು, ವಾರಾಂತ್ಯದಲ್ಲಿ ಸ್ವಂತ ಕನ್ಸಲ್ಟಿಂಗ್ ಶುರು ಮಾಡುವವರು ಮೊದಲು ಕೇಳುವುದು "ಎಲ್ಲಿ ರಿಜಿಸ್ಟರ್ ಮಾಡಿಸಬೇಕು?" ಎಂದೇ. ಒಬ್ಬರೇ ನಡೆಸುವ ಸೇವಾ ವೃತ್ತಿಗೆ ಆರಂಭದಲ್ಲಿ ನೋಂದಣಿ ಹೆಚ್ಚೇನೂ ಬೇಕಿಲ್ಲ. ನಿಮ್ಮ ಪ್ಯಾನ್ ನಂಬರೇ ವೃತ್ತಿಯ ಪ್ಯಾನ್ ಕೂಡ ಹೌದು. ಕೈ ಸುಡುವುದು ಆದಾಯ ತೆರಿಗೆ, ಅದರಲ್ಲೂ ಮೊದಲ ವರ್ಷ. ಹಾಗಾಗಿ ನಾನು ಲೆಕ್ಕದಿಂದಲೇ ಶುರು ಮಾಡಿದೆ. ಇಲ್ಲಿ ಕೊಟ್ಟಿರುವ ಅಂಕಿ, ಸೆಕ್ಷನ್‌ಗಳು 2025-26ರ ಆದಾಯಕ್ಕೆ ಸಂಬಂಧಿಸಿದವು. 2026ರ ಏಪ್ರಿಲ್ 1ರಿಂದ ಜಾರಿಯಾಗುವ ಆದಾಯ ತೆರಿಗೆ ಕಾಯ್ದೆ 2025ರಲ್ಲಿ ಸೆಕ್ಷನ್ ಸಂಖ್ಯೆಗಳು ಬೇರೆ.

ಇದಕ್ಕೂ ಮುಂಚೆ ಒಂದು ಕೆಲಸ ಇದೆ: ನೇಮಕಾತಿ ಪತ್ರ ತೆಗೆದು ಹೊರಗಿನ ಕೆಲಸದ ಬಗ್ಗೆ ಏನು ಬರೆದಿದೆ ಎಂದು ಓದಿ. ಅನುಮತಿ ಬೇಕು ಎಂದಿದ್ದರೆ ಇಮೇಲ್‌ನಲ್ಲಿ ಕೇಳಿ, ಉತ್ತರ ಇಟ್ಟುಕೊಳ್ಳಿ. ಸರ್ಕಾರಿ ನೌಕರರಿಗೆ ನಡತೆ ನಿಯಮಗಳ ಪ್ರಕಾರ ಪೂರ್ವಾನುಮತಿಯೇ ಮೊದಲ ಮೆಟ್ಟಿಲು.

ಈಗ ಲೆಕ್ಕ. ಸಂಬಳ 12,75,000 ಎಂದುಕೊಳ್ಳಿ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 12 ಲಕ್ಷ ಉಳಿಯುತ್ತದೆ. 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ 87ಎ ರಿಬೇಟ್‌ನಿಂದ (ತೆರಿಗೆ ಮನ್ನಾ) ತೆರಿಗೆ ಸೊನ್ನೆ. ಕಂಪನಿಯೂ ಟಿಡಿಎಸ್ (ಹಣ ಕೊಡುವಾಗಲೇ ಕಡಿತವಾಗುವ ತೆರಿಗೆ) ಹಿಡಿಯುವುದಿಲ್ಲ. ಇದರ ಮೇಲೆ ತಾಂತ್ರಿಕ ಕನ್ಸಲ್ಟಿಂಗ್‌ನಿಂದ 4 ಲಕ್ಷ ಬಂತು. ಖರ್ಚಿನ ಲೆಕ್ಕವಿಲ್ಲದೆ ಅಂದಾಜು ಲಾಭ ತೋರಿಸಲು ಬಿಡುವ ಸೆಕ್ಷನ್ 44ಎಡಿಎ ಅಡಿ ಅದರ ಅರ್ಧ, ಅಂದರೆ 2 ಲಕ್ಷ, ಲಾಭ ಎಂದು ತೋರಿಸುತ್ತೀರಿ. ಒಟ್ಟು ಆದಾಯ 14 ಲಕ್ಷವಾಯಿತು, ರಿಬೇಟ್ ಪೂರ್ತಿ ಹೋಯಿತು. 4ರಿಂದ 8 ಲಕ್ಷದವರೆಗೆ 20,000, 8ರಿಂದ 12ರವರೆಗೆ 40,000, ಮೇಲಿನ 2 ಲಕ್ಷಕ್ಕೆ 30,000. 4% ಸೆಸ್ ಸೇರಿ 93,600. ಎರಡು ಲಕ್ಷ ಲಾಭಕ್ಕೆ ಹತ್ತಿರ ಹತ್ತಿರ ಅರ್ಧ ತೆರಿಗೆ! ನಿಮ್ಮ ಸಂಬಳ ಈ ಗಡಿಯ ಆಸುಪಾಸಿನಲ್ಲಿದ್ದರೆ, ಕ್ಲೈಂಟ್‌ಗೆ ದರ ಹೇಳುವ ಮುಂಚೆಯೇ ಈ ಲೆಕ್ಕ ಹಾಕಬೇಕು.

ಕ್ಲೈಂಟ್ ವೃತ್ತಿ ಶುಲ್ಕದ ಟಿಡಿಎಸ್‌ಗಿರುವ ಸೆಕ್ಷನ್ 194ಜೆ ಅಡಿ 10% ಹಿಡಿದಿದ್ದರೆ 40,000 ಆಗಲೇ ಕಟ್ಟಿದಂತಾಯಿತು, ಉಳಿದದ್ದು 53,600. ಟಿಡಿಎಸ್ ಕಳೆದ ಬಾಕಿ 10,000 ಅಥವಾ ಹೆಚ್ಚಿದ್ದರೆ ಮುಂಗಡ ತೆರಿಗೆ ಕಡ್ಡಾಯ. ಸಾಮಾನ್ಯವಾಗಿ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ಕ್ಕೆ ನಾಲ್ಕು ಕಂತು. 44ಎಡಿಎ ಆಯ್ದುಕೊಂಡವರು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಬಹುದು. ಕಟ್ಟದೆ ಜುಲೈವರೆಗೆ ಎಳೆದರೆ 234ಬಿ ಅಡಿ ತಿಂಗಳಿಗೆ 1%ರಂತೆ 2,144, 234ಸಿ ಅಡಿ 536 ಬಡ್ಡಿ. ಮೊತ್ತ ದೊಡ್ಡದಲ್ಲ, ಆದರೆ ಸುಮ್ಮನೆ ಕಳೆದುಕೊಳ್ಳುವ ದುಡ್ಡು. ನಾನು ಪ್ರತಿ ಪಾವತಿ ಬಂದ ದಿನವೇ ತೆರಿಗೆಯ ಪಾಲನ್ನು ಬೇರೆ ಖಾತೆಗೆ ಹಾಕುತ್ತೇನೆ. ಇನ್ನೊಂದು ದಾರಿಯೂ ಇದೆ: 192(2ಬಿ) ಅಡಿ ಹೊರಗಿನ ಆದಾಯವನ್ನು ಕಂಪನಿಗೆ ತಿಳಿಸಿದರೆ ಅವರೇ ಸಂಬಳದಿಂದ ಹೆಚ್ಚು ಟಿಡಿಎಸ್ ಹಿಡಿಯುತ್ತಾರೆ. ನೀವೆಷ್ಟು ಗಳಿಸುತ್ತೀರಿ ಎಂಬುದು ಎಚ್‌ಆರ್‌ಗೆ ಗೊತ್ತಾಗುವುದು ಪರವಾಗಿಲ್ಲ ಎಂದರೆ ಇದೇ ಸಲೀಸು.

44ಎಡಿಎ ಎಲ್ಲರಿಗೂ ಇಲ್ಲ. ಕಾನೂನು, ವೈದ್ಯಕೀಯ, ಎಂಜಿನಿಯರಿಂಗ್, ವಾಸ್ತುಶಿಲ್ಪ, ಅಕೌಂಟೆನ್ಸಿ, ತಾಂತ್ರಿಕ ಸಲಹೆ, ಒಳಾಂಗಣ ವಿನ್ಯಾಸ ಮತ್ತು ಅಧಿಸೂಚಿತ ಕೆಲವೇ ವೃತ್ತಿಗಳಿಗೆ, ವರ್ಷಕ್ಕೆ 50 ಲಕ್ಷದವರೆಗೆ. ನಗದು ಪಾವತಿ 5% ಮೀರದಿದ್ದರೆ 75 ಲಕ್ಷ. ಮಾರಾಟದ ವ್ಯಾಪಾರಕ್ಕೆ 44ಎಡಿ: ಬ್ಯಾಂಕ್ ಮೂಲಕ ಬಂದದ್ದಕ್ಕೆ 6%, ನಗದಿಗೆ 8%. "ಖರ್ಚು ಜಾಸ್ತಿ ಆಯಿತು, 50% ಬದಲು 30% ತೋರಿಸುತ್ತೇನೆ" ಎನ್ನುವವರಿದ್ದಾರೆ. ಸಂಬಳ ಇರುವವರ ಒಟ್ಟು ಆದಾಯ ಹೇಗೂ ವಿನಾಯಿತಿ ಮಿತಿ ದಾಟಿರುತ್ತದೆ, ಹಾಗಾಗಿ ಅವರು ಲೆಕ್ಕಪತ್ರ ಇಟ್ಟು ಆಡಿಟ್ ಮಾಡಿಸಲೇಬೇಕು. ಸಣ್ಣ ಆದಾಯಕ್ಕೆ ಆಡಿಟ್ ಶುಲ್ಕ ಗಿಟ್ಟುವುದಿಲ್ಲ. ಇನ್ನು ನಷ್ಟ ತೋರಿಸಿ ಸಂಬಳದ ತೆರಿಗೆ ಇಳಿಸುವ ಯೋಚನೆ ಬಿಟ್ಟುಬಿಡಿ. ವೃತ್ತಿ ನಷ್ಟವನ್ನು ಸಂಬಳದ ಆದಾಯದಿಂದ ಕಳೆಯಲು ಕಾಯ್ದೆ ಬಿಡುವುದಿಲ್ಲ.

ಹಳೆ ಪದ್ಧತಿಯಲ್ಲಿ ಗೃಹಸಾಲ, 80ಸಿ (ಉಳಿತಾಯ, ವಿಮೆ) ಕಡಿತ ಪಡೆಯುವವರು ಇಲ್ಲಿ ನಿಧಾನಿಸಬೇಕು. ಬರೀ ಸಂಬಳದವರು ಪ್ರತಿ ವರ್ಷ ಹಳೆ-ಹೊಸ ಪದ್ಧತಿ ಬದಲಿಸಬಹುದು. ವೃತ್ತಿ ಆದಾಯ ಸೇರಿತೋ ಆ ಸ್ವಾತಂತ್ರ್ಯ ಹೋಯಿತು. ಹಳೆ ಪದ್ಧತಿಗೆ ಹೋಗಲು ರಿಟರ್ನ್ ಗಡುವಿನೊಳಗೆ ಫಾರ್ಮ್ 10-ಐಇಎ ಹಾಕಬೇಕು; ಒಮ್ಮೆ ಹೊಸದಕ್ಕೆ ಮರಳಿದರೆ ವೃತ್ತಿ ಆದಾಯ ಇರುವವರೆಗೂ ಮತ್ತೆ ಹಳೆಯದು ಸಿಗುವುದಿಲ್ಲ.

ರಿಟರ್ನ್‌ಗೆ ಸಂಬಳದವರು ಸಾಮಾನ್ಯವಾಗಿ ಹಾಕುವ ಸರಳ ಫಾರ್ಮ್ ಐಟಿಆರ್-1 ಆಗುವುದಿಲ್ಲ. ಅಂದಾಜು ಲಾಭ ತೋರಿಸಿ ಒಟ್ಟು ಆದಾಯ 50 ಲಕ್ಷದೊಳಗಿದ್ದರೆ ಐಟಿಆರ್-4. ಕಂಪನಿಯ ನಿರ್ದೇಶಕರಾಗಿದ್ದರೆ ಅಥವಾ ಪಟ್ಟಿಯಾಗದ ಷೇರುಗಳಿದ್ದರೆ ಐಟಿಆರ್-3. ಬಹಳ ಜನ 194ಜೆ ಮೊತ್ತವನ್ನು "ಇತರ ಮೂಲ"ದಲ್ಲಿ ತುಂಬಿ ಐಟಿಆರ್-1 ಹಾಕಿಬಿಡುತ್ತಾರೆ. ನಿಮ್ಮ ಪ್ಯಾನ್‌ಗೆ ಜಮೆಯಾದ ತೆರಿಗೆಯ ವಿವರವಿರುವ ಫಾರ್ಮ್ 26ಎಎಸ್‌ನಲ್ಲಿ ಸೆಕ್ಷನ್ ಸಮೇತ ಕಾಣುವುದರಿಂದ ದೋಷಪೂರಿತ ರಿಟರ್ನ್ ಎಂದು ನೋಟಿಸ್ ಬರಬಹುದು.

ಜಿಎಸ್‌ಟಿ: ಸೇವೆಗೆ ಕರ್ನಾಟಕದಲ್ಲಿ ಮಿತಿ ವರ್ಷಕ್ಕೆ 20 ಲಕ್ಷ. ಸಂಬಳ ಇದರಲ್ಲಿ ಸೇರುವುದಿಲ್ಲ. ಆದರೆ ವಿದೇಶಿ ಕ್ಲೈಂಟ್‌ನಿಂದ ಬಂದದ್ದು ಸೇರುತ್ತದೆ, ಮನೆ ಬಾಡಿಗೆಯಂಥ ವಿನಾಯಿತಿ ಪಡೆದ ಆದಾಯವೂ ಸೇರುತ್ತದೆ. ಇದನ್ನು ಬಿಟ್ಟು ಲೆಕ್ಕ ಹಾಕುವವರೇ ಹೆಚ್ಚು. ಹೊರರಾಜ್ಯದ ಕ್ಲೈಂಟ್‌ಗೆ ಸೇವೆ ಕೊಟ್ಟರೂ ಅದೇ 20 ಲಕ್ಷ ಅನ್ವಯ. ಸರಕು ಹೊರರಾಜ್ಯಕ್ಕೆ ಮಾರಿದರೆ ಮಾತ್ರ, ಕರಕುಶಲ ವಸ್ತುಗಳಂಥ ಕೆಲವನ್ನು ಬಿಟ್ಟು, ಮೊದಲ ಬಿಲ್‌ನಿಂದಲೇ ನೋಂದಣಿ. "ಇರಲಿ" ಎಂದು ಮುಂಚೆಯೇ ಜಿಎಸ್‌ಟಿ ಮಾಡಿಸುವುದನ್ನು ನಾನು ಒಪ್ಪುವುದಿಲ್ಲ. ಬಿಲ್ ಇಲ್ಲದ ಅವಧಿಗೂ ಶೂನ್ಯ ರಿಟರ್ನ್ ಹಾಕಬೇಕು, ತಪ್ಪಿದರೆ ದಿನಕ್ಕೆ 20 ರೂಪಾಯಿ ತಡ ಶುಲ್ಕ. ನೋಂದಣಿ ಇಲ್ಲದವರು ಬಿಲ್‌ನಲ್ಲಿ ಜಿಎಸ್‌ಟಿ ಸಾಲು ಸೇರಿಸುವಂತಿಲ್ಲ. ಕ್ರಮಸಂಖ್ಯೆ, ದಿನಾಂಕ, ಪ್ಯಾನ್, ಕೆಲಸದ ವಿವರ, ಮೊತ್ತ ಇದ್ದರೆ ಸಾಕು.

ರಾಜ್ಯದ ವೃತ್ತಿ ತೆರಿಗೆಗೆ ಪ್ರತ್ಯೇಕ ಎನ್‌ರೋಲ್‌ಮೆಂಟ್ ಕೇಳಿದರೆ ಸಂಬಳದ ಸ್ಲಿಪ್ ಮುಂದಿಡಿ. ತಿಂಗಳಿಗೆ 200, ಫೆಬ್ರವರಿಯಲ್ಲಿ 300 ಕಡಿತವಾಗುವ ನೌಕರರು ವರ್ಷಕ್ಕೆ 2,500 ಕಟ್ಟಿರುತ್ತಾರೆ. ಒಬ್ಬರಿಂದ ಒಂದು ರಾಜ್ಯ ಪಡೆಯಬಹುದಾದ ಗರಿಷ್ಠ ಮೊತ್ತ ಅದೇ ಎಂದು ಸಂವಿಧಾನದ 276ನೇ ವಿಧಿ ಹೇಳುತ್ತದೆ. ಉದ್ಯಮ್ (ಸಣ್ಣ ಉದ್ಯಮಗಳ) ನೋಂದಣಿ ಐಚ್ಛಿಕ, ಸರ್ಕಾರಿ ಪೋರ್ಟಲ್‌ನಲ್ಲಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಹಣ ಕೇಳುವ ಜಾಲತಾಣ ಸರ್ಕಾರದ್ದಲ್ಲ.

ಮುಂಗಡ ತೆರಿಗೆ ಕಟ್ಟುವಾಗ ಇ-ಪೇ ಟ್ಯಾಕ್ಸ್‌ನಲ್ಲಿ ಒಂದು ಕಡೆ ಕಣ್ಣಿಡಿ: 2025-26ರ ಆದಾಯಕ್ಕೆ ಅಸೆಸ್‌ಮೆಂಟ್ ವರ್ಷ 2026-27, ವಿಧ "ಅಡ್ವಾನ್ಸ್ ಟ್ಯಾಕ್ಸ್ (100)". ವರ್ಷ ತಪ್ಪಿದರೆ ದುಡ್ಡು ಬೇರೆ ವರ್ಷದ ಲೆಕ್ಕಕ್ಕೆ ಹೋಗಿ, ಈ ವರ್ಷದ್ದು ಬಾಕಿ ಎಂದೇ ಕಾಣುತ್ತದೆ. ಕಟ್ಟಿದ ಮೇಲೆ ಚಲನ್ ಇಳಿಸಿಕೊಂಡು, ಕೆಲ ದಿನ ಬಿಟ್ಟು 26ಎಎಸ್‌ನಲ್ಲಿ ಅದೇ ಮೊತ್ತ ಅದೇ ವರ್ಷದಡಿ ಬಂದಿದೆಯೇ ನೋಡಿಕೊಳ್ಳಿ.