ಸಿಒ ಅಟೇನ್‌ಮೆಂಟ್: ಪ್ರಶ್ನೆ ಬರೆಯುವಾಗಲೇ ಶುರುವಾಗುವ ಲೆಕ್ಕ

ಎಂಜಿನಿಯರಿಂಗ್ ಪದವಿಗಳ ಮಾನ್ಯತೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರ ಜೂನ್‌ನಲ್ಲಿ ಭಾರತ ಕಾಯಂ ಸದಸ್ಯ ರಾಷ್ಟ್ರವಾಯಿತು. ಅದರಲ್ಲಿ ಭಾರತವನ್ನು ಪ್ರತಿನಿಧಿಸುವ ಎನ್‌ಬಿಎ (ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಬಯಸುವ ಎಂಜಿನಿಯರಿಂಗ್ ವಿಭಾಗಗಳು ಇಂದು ಪಾಠ ಎಷ್ಟು ಮುಗಿಯಿತು ಎಂದು ಹೇಳಿದರೆ ಸಾಲದು, ವಿದ್ಯಾರ್ಥಿಗೆ ಏನು ಮಾಡಲು ಬಂತು ಎಂಬುದನ್ನು ಅಂಕಿಯಲ್ಲಿ ತೋರಿಸಬೇಕು. ಅದಕ್ಕೆ ಇರುವ ಸಾಧನವೇ ಕೋರ್ಸ್ ಔಟ್‌ಕಮ್, ಅಂದರೆ ಸಿಒ: ಕೋರ್ಸ್ ಮುಗಿದಾಗ ವಿದ್ಯಾರ್ಥಿಗೆ ಏನು ಮಾಡಲು ಬರಬೇಕು ಎಂಬ ಹೇಳಿಕೆ. ಅದು ಎಷ್ಟರಮಟ್ಟಿಗೆ ಈಡೇರಿತು ಎಂಬ ಅಳತೆಯೇ ಅಟೇನ್‌ಮೆಂಟ್. ಬಹಳ ಕಡೆ ಈ ಲೆಕ್ಕ ಸೆಮಿಸ್ಟರ್ ಮುಗಿದ ಮೇಲೆ ಎಕ್ಸೆಲ್‌ನಲ್ಲಿ ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಅಳೆಯಬೇಕಾದದ್ದು ಕೈತಪ್ಪಿರುತ್ತದೆ.

ಮೊದಲು ಸಿಒ ಬರೆಯಿರಿ. ಒಂದು ಕೋರ್ಸಿಗೆ ನಾಲ್ಕರಿಂದ ಆರು ಸಾಕು. ‘ತೊಲೆಗಳ ಬಗ್ಗೆ ತಿಳಿದುಕೊಳ್ಳುವುದು’ ಎಂದು ಬರೆದರೆ ಅದನ್ನು ಅಳೆಯಲಾಗದು. ‘ಚಾಚು ಇರುವ ತೊಲೆಗೆ ಶಿಯರ್ ಫೋರ್ಸ್ (ಅಡ್ಡ ಕತ್ತರಿಸುವ ಬಲ), ಬೆಂಡಿಂಗ್ ಮೊಮೆಂಟ್ (ಬಾಗಿಸುವ ಪರಿಣಾಮ) ಚಿತ್ರ ಬಿಡಿಸಿ, ಗರಿಷ್ಠ ಮೊಮೆಂಟ್ ಎಲ್ಲಿದೆ ಎಂದು ಗುರುತಿಸುವುದು’ ಎಂದರೆ ಉತ್ತರಪತ್ರಿಕೆಯಲ್ಲಿ ಕಣ್ಣಿಗೆ ಕಾಣುವ ಕೆಲಸ. ಒಂದು ಸಿಒಗೆ ಒಂದೇ ಮುಖ್ಯ ಕ್ರಿಯಾಪದ ಇರಲಿ. ‘ವಿವರಿಸಿ, ಅನ್ವಯಿಸಿ, ವಿನ್ಯಾಸಗೊಳಿಸಿ’ ಎಂದು ಮೂರನ್ನು ಪೋಣಿಸಿದರೆ ಯಾವುದು ಸೋತಿತು ಎಂದು ಆಮೇಲೆ ಗೊತ್ತಾಗುವುದಿಲ್ಲ.

ಇನ್ನು ಪ್ರಶ್ನೆ. ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೇ. 6 ಮೀಟರ್ ಸರಳ ಆಧಾರದ ತೊಲೆ, ಉದ್ದಕ್ಕೂ ಮೀಟರಿಗೆ 10 ಕಿಲೋನ್ಯೂಟನ್ ಭಾರ, ಗರಿಷ್ಠ ಮೊಮೆಂಟ್ ಎಷ್ಟು ಎಂದು ಕೇಳಿದರೆ, ಸೂತ್ರ ಬಾಯಿಪಾಠ ಮಾಡಿದವರೆಲ್ಲ 45 ಎಂದು ಬರೆಯುತ್ತಾರೆ. ಆ ಅಂಕ ನೆನಪಿಗೆ ಸಂದದ್ದು, ಮೇಲಿನ ಸಿಒಗಲ್ಲ. ಅದೇ ತೊಲೆಯನ್ನು ಬಲ ಆಧಾರದಾಚೆ 2 ಮೀಟರ್ ಚಾಚಿ, ತುದಿಗೆ 10 ಕಿಲೋನ್ಯೂಟನ್ ಭಾರ ತೂಗುಹಾಕಿ ನೋಡಿ. ಹರಡಿದ ಭಾರ ಆಧಾರಗಳ ನಡುವೆ ಮಾತ್ರ ಇರಲಿ. ಈಗ ಎಡ ಆಧಾರದಲ್ಲಿ ಪ್ರತಿಕ್ರಿಯೆ 26.67, ಬಲದಲ್ಲಿ 43.33 ಕಿಲೋನ್ಯೂಟನ್. ಗರಿಷ್ಠ ಸ್ಯಾಗಿಂಗ್ (ತೊಲೆ ಕೆಳಕ್ಕೆ ಬಾಗುವ) ಮೊಮೆಂಟ್ ಎಡದಿಂದ 2.67 ಮೀಟರಿನಲ್ಲಿ 35.56, ಬಲ ಆಧಾರದ ಮೇಲೆ ಹಾಗಿಂಗ್ (ಮೇಲಕ್ಕೆ ಉಬ್ಬುವ) ಮೊಮೆಂಟ್ 20 ಕಿಲೋನ್ಯೂಟನ್-ಮೀಟರ್, ಚಿಹ್ನೆ ಬದಲಾಗುವುದು 5.33 ಮೀಟರಿನಲ್ಲಿ. ಇದಕ್ಕೆ ಬಾಯಿಪಾಠದ ಸೂತ್ರವಿಲ್ಲ.

ಹತ್ತು ಅಂಕವನ್ನು ವ್ಯಾಲ್ಯುಯೇಷನ್ ಸ್ಕೀಮಿನಲ್ಲೇ ಒಡೆದಿಡಿ: ಪ್ರತಿಕ್ರಿಯೆಗೆ 2, ಶಿಯರ್ ಚಿತ್ರಕ್ಕೆ 3, ಮೊಮೆಂಟ್ ಚಿತ್ರಕ್ಕೆ 3, ಚಿಹ್ನೆ ಬದಲಾಗುವ ಬಿಂದುವಿಗೆ 2. ಬ್ಲೂ ಬುಕ್ (ಟೆಸ್ಟಿನ ಉತ್ತರಪತ್ರಿಕೆ) ತಿದ್ದುವಾಗ ಈ ನಾಲ್ಕನ್ನೂ ಬೇರೆ ಬೇರೆ ಕಾಲಂನಲ್ಲಿ ಹಾಕಿಕೊಳ್ಳಿ. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ಕೊನೆಗೆ ಉಪಯೋಗಕ್ಕೆ ಬರುವುದು ಇವೇ.

ಲೆಕ್ಕಕ್ಕೆ ಎರಡು ಗಡಿಗಳು ಬೇಕು, ಎರಡನ್ನೂ ಸೆಮಿಸ್ಟರ್ ಮೊದಲೇ ಬರೆದಿಡಬೇಕು. ವಿದ್ಯಾರ್ಥಿಗೆ 60% ಗುರಿ ಎಂದಿಟ್ಟುಕೊಳ್ಳಿ, ಅಂದರೆ ಹತ್ತಕ್ಕೆ ಆರು. ತರಗತಿಗೆ, 60% ಮಂದಿ ಗುರಿ ಮುಟ್ಟಿದರೆ ಮಟ್ಟ 1, 70% ಆದರೆ 2, 80% ಆದರೆ 3. ಫಲಿತಾಂಶ ನೋಡಿದ ಮೇಲೆ ಗಡಿ ಇಳಿಸಿದರೆ ಅಳತೆಗೆ ಅರ್ಥವೇ ಉಳಿಯದು.

ಅತಿ ಹೆಚ್ಚು ತಪ್ಪಾಗುವುದು ಖಾಲಿ ಸೆಲ್‌ನಲ್ಲಿ. 60 ಮಂದಿ ಪರೀಕ್ಷೆ ಬರೆದರು, ಮೇಲಿನ ಕಡ್ಡಾಯ ಪ್ರಶ್ನೆಯನ್ನು 6 ಮಂದಿ ಮುಟ್ಟಲೇ ಇಲ್ಲ, 38 ಮಂದಿಗೆ ಆರು ಅಥವಾ ಹೆಚ್ಚು ಅಂಕ ಬಂತು ಅನ್ನಿ. ಬಿಟ್ಟವರ ಸೆಲ್ ಖಾಲಿಯಿದ್ದರೆ ಎಕ್ಸೆಲ್‌ನ ಕೌಂಟ್ ಅವರನ್ನು ಎಣಿಸುವುದಿಲ್ಲ: 38 ಭಾಗ 54, 70.4%, ಮಟ್ಟ 2. ಸೊನ್ನೆ ತುಂಬಿದರೆ 38 ಭಾಗ 60, 63.3%, ಮಟ್ಟ 1. ಕಡ್ಡಾಯ ಪ್ರಶ್ನೆ ಬಿಟ್ಟವರಿಗೆ ಸೊನ್ನೆಯೇ ಸರಿ. ಆಯ್ಕೆಯಿದ್ದು ಇನ್ನೊಂದನ್ನು ಬರೆದವರಿಗೆ ಖಾಲಿ ಬಿಡಿ. ಗೈರಾದವರಿಗೆ ಅಕ್ಷರದಲ್ಲಿ ‘ಎಬಿ’ ಹಾಕಿ. ಆಯ್ಕೆ ಕೊಡುವುದಾದರೆ ಒಂದೇ ಸಿಒ ಒಳಗೆ ಕೊಡಿ. ಇಲ್ಲವಾದರೆ ಕಷ್ಟದ ಸಿಒಯನ್ನು ಅರ್ಧ ತರಗತಿ ತಪ್ಪಿಸಿಕೊಳ್ಳುತ್ತದೆ, ಬರೆದವರ ಅಂಕಿ ಮಾತ್ರ ಚೆನ್ನಾಗಿ ಕಾಣುತ್ತದೆ.

ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ) ಸೇರಿದ ಕಾಲೇಜುಗಳಲ್ಲಿ ಇನ್ನೊಂದು ತೊಡಕು. ಸೆಮಿಸ್ಟರ್ ಪರೀಕ್ಷೆಯಲ್ಲಿ ಕೈಗೆ ಸಿಗುವುದು ಒಟ್ಟು ಅಂಕ ಮಾತ್ರ, ಪ್ರಶ್ನೆವಾರು ಅಲ್ಲ. ಹಾಗಾಗಿ ಎಲ್ಲ ಸಿಒಗಳಿಗೂ ಒಂದೇ ಮಟ್ಟ ಹಾಕುತ್ತಾರೆ. ನಮ್ಮ ಉದಾಹರಣೆಯಲ್ಲಿ ಇಂಟರ್ನಲ್ಸ್, ಅಂದರೆ ಕಾಲೇಜಿನೊಳಗಿನ ಟೆಸ್ಟುಗಳ, ಮಟ್ಟ 1, ಸೆಮಿಸ್ಟರ್ ಪರೀಕ್ಷೆಯದು 3 ಎಂದಾದರೆ, 50:50 ಲೆಕ್ಕದಲ್ಲಿ 2. ಕೋರ್ಸ್ ಕೊನೆಯ ಸರ್ವೆಯಲ್ಲಿ ವಿದ್ಯಾರ್ಥಿಗಳು 2.6 ಕೊಟ್ಟರೆ, ಪರೀಕ್ಷೆಗೆ 80, ಸರ್ವೆಗೆ 20 ಎಂಬ ಲೆಕ್ಕದಲ್ಲಿ 1.6ಕ್ಕೆ 0.52 ಸೇರಿ 2.12. ನೋಡಿ, ಸೋತಿದ್ದ ಸಿಒ ಗೆದ್ದಂತೆ ಕಾಣುತ್ತಿದೆ! ಲೆಕ್ಕ ತಪ್ಪಿಲ್ಲ, ಸರಾಸರಿ ನಿಜವನ್ನು ಮುಚ್ಚಿತು. ಕಡತಕ್ಕೆ 2.12 ಹೋಗಲಿ, ಬೋಧನೆಯ ತೀರ್ಮಾನಕ್ಕೆ ಆ 1 ಅನ್ನೇ ನೋಡಿ.

ಈ ಅಂಕಿಯನ್ನು ಪಿಒಗೆ (ಪ್ರೋಗ್ರಾಂ ಔಟ್‌ಕಮ್, ಇಡೀ ಪದವಿ ಮುಗಿದಾಗ ಬರಬೇಕಾದ ಸಾಮರ್ಥ್ಯ) ಸಾಗಿಸುವಾಗ ಪ್ರತಿ ಸಿಒ ಮೌಲ್ಯವನ್ನು ಅದರ ಮ್ಯಾಪಿಂಗ್ ಬಲದಿಂದ, ಅಂದರೆ ಆ ಪಿಒ ಜೊತೆ ಅದಕ್ಕಿರುವ ನಂಟಿಗೆ ಕೊಟ್ಟ 1, 2 ಅಥವಾ 3ರಿಂದ, ಗುಣಿಸಿ ಕೂಡಿ, ಬಲಗಳ ಮೊತ್ತದಿಂದ ಭಾಗಿಸುವುದು ಒಂದು ರೂಢಿ. ಯಾವ ವಿಧಾನವಾದರೂ ಇಡೀ ವಿಭಾಗಕ್ಕೆ ಒಂದೇ ಇರಲಿ. ಮ್ಯಾಪಿಂಗ್ ಕೋಷ್ಟಕದ ಎಲ್ಲ ಮನೆಗೂ 3 ತುಂಬಬೇಡಿ. ಆ ಪಿಒಗೆ ಸಂಬಂಧಿಸಿದ ಒಂದು ಪ್ರಶ್ನೆಯನ್ನಾದರೂ ತೋರಿಸಲಾಗದಿದ್ದರೆ ಮನೆ ಖಾಲಿಯೇ ಇರಲಿ.

ಈಗ ಆ ನಾಲ್ಕು ಕಾಲಂಗಳಿಗೆ ಬನ್ನಿ. ಪ್ರತಿಕ್ರಿಯೆಯ 2 ಅಂಕ ಬರೆದವರಿಗೆಲ್ಲ ಬಂದು ಶಿಯರ್ ಚಿತ್ರದಲ್ಲಿ ಅಂಕ ಹೋಗಿದ್ದರೆ, ಬಲ ಆಧಾರದಲ್ಲಿ ಶಿಯರ್ −33.33ರಿಂದ +10ಕ್ಕೆ ಜಿಗಿಯಬೇಕೆಂಬುದು ತಲೆಗೆ ಹೋಗಿಲ್ಲ ಎಂದರ್ಥ. ಆ ಜಿಗಿತ 43.33, ಪ್ರತಿಕ್ರಿಯೆಯಷ್ಟೇ. ಇಡೀ ಮಾಡ್ಯೂಲ್ ಮತ್ತೆ ಮಾಡಬೇಕಿಲ್ಲ. ಈ ಜಿಗಿತಕ್ಕೆಂದೇ ಒಂದು ಟ್ಯುಟೋರಿಯಲ್ ಗಂಟೆ ಇಟ್ಟು, ಮುಂದಿನ ಟೆಸ್ಟಿನಲ್ಲಿ ಭಾರ ಮತ್ತು ಉದ್ದ ಬದಲಿಸಿ ಅದೇ ಬಗೆಯ ಪ್ರಶ್ನೆ ಕೇಳಿ. ಎರಡೂ ಟೆಸ್ಟಿನ ಶಿಯರ್ ಕಾಲಂಗಳನ್ನು ಅಕ್ಕಪಕ್ಕ ಇಟ್ಟು ಕೋರ್ಸ್ ಫೈಲಿಗೆ ಸೇರಿಸಿ.