ತಾತನ ಲೆಗ್ ಹಾರ್ಮೋನಿಯಂ: ಮಾರುವ ಮುನ್ನ ತಿದಿ ಒತ್ತಿ ನೋಡಿ

1884ರಲ್ಲಿ ನಾಟಕ ಕಂಪನಿ ಹುಟ್ಟಿದ ಗುಬ್ಬಿಯ ಸುತ್ತಲಿನ ಊರುಗಳಲ್ಲಿ, ಹಾರ್ಮೋನಿಯಂ ಮೇಷ್ಟ್ರಿದ್ದ ಮನೆಯ ಅಟ್ಟದಲ್ಲಿ ಪೆಡಲ್ ತುಳಿದು ನುಡಿಸುವ ಹಳೆಯ ಲೆಗ್ ಹಾರ್ಮೋನಿಯಂ ಪೆಟ್ಟಿಗೆಯೊಂದು ಸಿಕ್ಕರೆ ಅಚ್ಚರಿಯಿಲ್ಲ. ಪಾಲಿಗೆ ಬಂದ ಅದನ್ನು ಹಿತ್ತಾಳೆಯ ತೂಕಕ್ಕೆ ಗುಜರಿಗೆ ಹಾಕಬೇಡಿ. ಪಾಲಿಶ್ ಹೊಡೆಸಿ ಹಜಾರದಲ್ಲಿಡುವುದಕ್ಕೂ ಅವಸರ ಬೇಡ. ಹಾರ್ಮೋನಿಯಂನ ಜೀವ ಇರುವುದು ಒಳಗಿನ ರೀಡುಗಳಲ್ಲಿ, ಅಂದರೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಲೋಹದ ನಾಲಿಗೆಗಳಲ್ಲಿ. ಅವು ಹೇಗಿವೆ ಎಂದು ತಿಳಿದ ಮೇಲೆಯೇ ತೀರ್ಮಾನ.

ಮೊದಲು ಟಾರ್ಚ್ ಹಿಡಿದು ನೋಡಿ. ಇಲಿ ಕಚ್ಚಿದ ತೊಗಲು, ಗೆದ್ದಲ ಮಣ್ಣು, ಹುಳು ಕೊರೆದ ಹಿಟ್ಟು ಕಂಡರೆ ಗುರುತು ಹಾಕಿಕೊಳ್ಳಿ. ಧೂಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ, ಒದ್ದೆ ಬಟ್ಟೆ ಬೇಡ. ಧೂಳು ತುಂಬಿರುವಾಗಲೇ ಪೆಡಲ್ ತುಳಿದರೆ ಅದೆಲ್ಲ ರೀಡಿನ ಸಂದಿಗೆ ಹೋಗಿ ಕೂರುತ್ತದೆ. ಪೆಡಲಿನಿಂದ ತಿದಿಗೆ, ಅಂದರೆ ಗಾಳಿ ತುಂಬುವ ಮಡಿಕೆಯ ಚೀಲಕ್ಕೆ, ಹೋಗುವ ಪಟ್ಟಿ ಹರಿದಿದ್ದರೆ ಗಾಬರಿ ಬೇಡ. ಗಟ್ಟಿ ನವಾರು ಪಟ್ಟಿ ಹಾಕಿದರೆ ಸರಿಹೋಗುತ್ತದೆ.

ಇನ್ನು ತಿದಿಯ ಪರೀಕ್ಷೆ. ಸ್ಟಾಪುಗಳನ್ನೆಲ್ಲ (ರೀಡುಗಳಿಗೆ ಗಾಳಿ ಬಿಡಲು ಎಳೆಯುವ ಗುಂಡಿಗಳು) ಮುಚ್ಚಿ, ಪೆಡಲ್ ತುಳಿದು ಗಾಳಿ ತುಂಬಿ. ಒಂದೇ ಸ್ಟಾಪ್ ಎಳೆದು, ಒಂದೇ ಮನೆ (ಬೆರಳಿನಿಂದ ಒತ್ತುವ ಕೀ) ಒತ್ತಿ, ಕಾಲು ನಿಲ್ಲಿಸಿ. ಸ್ವರ ಕೆಲವು ಸೆಕೆಂಡಾದರೂ ನಿಂತರೆ ತಿದಿಯಲ್ಲಿ ಉಸಿರಿದೆ. ಕೂಡಲೇ ಸತ್ತರೆ ಮಡಿಕೆಯ ಮೂಲೆಗಳಲ್ಲೋ, ಗಾಳಿ ಒಳಬರುವ ತೂತಿನ ಮೇಲಿನ ತೊಗಲ ಮುಚ್ಚಳದಲ್ಲೋ ಸೋರಿಕೆ ಇರುತ್ತದೆ. ಸೆಲ್ಲೋಟೇಪ್ ಅಂಟಿಸಬೇಡಿ, ಅದರ ಜಿಗುಟು ಉಳಿದರೆ ಆಮೇಲೆ ತೊಗಲು ಸರಿಯಾಗಿ ಕೂರುವುದಿಲ್ಲ. ತೆಳು ಆಡಿನ ತೊಗಲೇ ಸರಿ.

ಈಗ ಒಂದೊಂದೇ ಮನೆ ಒತ್ತುತ್ತ ಹೋಗಿ, ಹಾಳೆಯಲ್ಲಿ ಬರೆದುಕೊಳ್ಳಿ. ಒತ್ತದೆಯೂ ಕೂಗುವ ಸ್ವರಕ್ಕೆ ರೀಡಿನ ದೋಷ ಕಾರಣವಲ್ಲ. ಮನೆಯ ಕೆಳಗಿನ ಮುಚ್ಚಳ ಸರಿಯಾಗಿ ಕೂತಿಲ್ಲ ಅಥವಾ ಸ್ಪ್ರಿಂಗ್ ಸೋತಿದೆ. ಒಂದೇ ಸ್ವರ ಮೂಕವಾಗಿದ್ದರೆ ಬಹುಪಾಲು ಕಸ. ನಾಲಿಗೆಯ ತುದಿಯನ್ನು ತೆಳು ಕಾಗದದಿಂದ ಕೂದಲೆಳೆಯಷ್ಟು ಎತ್ತಿ, ಕಾಗದವನ್ನು ಮೆಲ್ಲನೆ ಎಳೆದರೆ ಕಸ ಬರುತ್ತದೆ. ಹೆಚ್ಚು ಎತ್ತಿದರೆ ನಾಲಿಗೆ ಬಾಗಿ ಸ್ವರ ಕೆಡುತ್ತದೆ. ಒಂದೇ ಸ್ವರ ಇದ್ದಕ್ಕಿದ್ದಂತೆ ಇಳಿದಿದ್ದರೆ ನಾಲಿಗೆಯ ಬುಡ ಬಿರುಕು ಬಿಟ್ಟಿರಬಹುದು. ಅಂಥ ರೀಡನ್ನು ಬದಲಿಸಲೇಬೇಕು. ಎಣ್ಣೆಯನ್ನಂತೂ ಯಾವ ಕಾರಣಕ್ಕೂ ಹಾಕಬೇಡಿ, ಧೂಳು ಅಂಟಿ ಗಟ್ಟಿಯಾಗುತ್ತದೆ. ರೀಡು ಬಿಚ್ಚುವುದಾದರೆ ಮೊದಲು ಫೋಟೊ ತೆಗೆದು, ಪೆನ್ಸಿಲಿನಲ್ಲಿ ಸಂಖ್ಯೆ ಬರೆಯಿರಿ.

ಶ್ರುತಿಯ ವಿಷಯದಲ್ಲಿ ದುಡುಕಿ ಕೆಡಿಸಿಕೊಳ್ಳುವವರು ಹೆಚ್ಚು. ಶ್ರುತಿ ಅಳೆಯುವ ಟ್ಯೂನರ್ ಆ್ಯಪ್ ಈಗಿನ ರೂಢಿಯ 440 ಹರ್ಟ್ಸ್ ಶ್ರುತಿಯ ಲೆಕ್ಕ ತೋರಿಸುತ್ತದೆ. ಹಳೆಯ ಪೆಟ್ಟಿಗೆಯ ಸ್ವರಗಳೆಲ್ಲ ಒಂದೇ ಪ್ರಮಾಣದಲ್ಲಿ ಮೇಲಿದ್ದರೆ ಅದು ದೋಷವಲ್ಲ, ಹಾಗೇ ಬಿಡಿ. ಶ್ರುತಿ ಏರಿಸಲು ನಾಲಿಗೆಯ ತುದಿಯನ್ನೂ ಇಳಿಸಲು ಬುಡವನ್ನೂ ಹೆರೆಯುತ್ತಾರೆ. ಹೆರೆದ ಲೋಹ ಮರಳಿ ಬಾರದು. ತಮ್ಮೊಳಗೇ ಹೊಂದದ ಸ್ವರಗಳನ್ನಷ್ಟೇ ಕೈ ಪಳಗಿದ ರಿಪೇರಿಯವರಿಂದ ಸರಿಮಾಡಿಸಿ.

ಆಮೇಲೆ ಲೆಕ್ಕ ಹಾಕಿ. ರೀಡು, ಮರ ಎರಡೂ ಚೆನ್ನಾಗಿದ್ದು ತಿದಿ ಮಾತ್ರ ಹೋಗಿದ್ದರೆ ರಿಪೇರಿ ಖಂಡಿತ ಮಾಡಿಸಿ. ರೀಡು ಕೂತ ಹಲಗೆಯೇ ಸೀಳಿದ್ದರೆ ಖರ್ಚು ಏರುತ್ತದೆ, ಮೊದಲೇ ಬೆಲೆ ಕೇಳಿ. ಮರವನ್ನು ಗೆದ್ದಲು ತಿಂದಿದ್ದರೂ ರೀಡುಗಳನ್ನು ಉಳಿಸಿ. ಇನ್ನೊಂದು ಪೆಟ್ಟಿಗೆಗೆ ಅವು ಬೇಕಾಗುತ್ತವೆ.

ಮನೆಯಲ್ಲಿ ನುಡಿಸುವವರಿಲ್ಲದಿದ್ದರೆ, ಪೌರಾಣಿಕ ನಾಟಕ ಕಲಿಸುವ ಊರ ಮೇಷ್ಟ್ರಿಗೋ ಭಜನೆ ಮಂಡಳಿಗೋ ಕೊಡುವುದು ನಮಗೆ ಹಿಡಿಸುವ ದಾರಿ. ಎರವಲೋ ದಾನವೋ ಎಂಬುದನ್ನು ಅಣ್ಣತಮ್ಮಂದಿರು, ಅಕ್ಕತಂಗಿಯರು ಕೂತು ಬರೆದಿಟ್ಟುಕೊಳ್ಳಿ. ಮಾರುವುದಾದರೆ ಇಬ್ಬರ ಹತ್ತಿರವಾದರೂ ಬೆಲೆ ಕಟ್ಟಿಸಿ. ಬಹಳ ಹಳೆಯ ವಿದೇಶಿ ಪೆಟ್ಟಿಗೆಯ ಬಿಳಿ ಮನೆಗಳಿಗೆ ಆನೆದಂತ ಹೊದಿಸಿರಬಹುದು. ಅನುಮಾನವಿದ್ದರೆ ಅರಣ್ಯ ಇಲಾಖೆಯಲ್ಲಿ ವಿಚಾರಿಸದೆ ಮಾರಬೇಡಿ.

ಇಟ್ಟುಕೊಳ್ಳುವವರು ನೆಲದಿಂದ ಎತ್ತರದಲ್ಲಿ, ಗೋಡೆಗೆ ತಾಗದಂತೆ, ಹತ್ತಿ ಬಟ್ಟೆ ಹೊದಿಸಿ ಇಡಿ. ಪ್ಲಾಸ್ಟಿಕ್ ಹೊದಿಸಿದರೆ ಮಳೆಗಾಲದ ತೇವ ಒಳಗೇ ಉಳಿಯುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ನುಡಿಸಿ, ತೊಗಲು ಮೆತ್ತಗಿರುತ್ತದೆ.